ಕೂಸಿನ ಲಂಗೋಟಿಗೆ ಹತ್ತಿಬಟ್ಟೆ ಎಲ್ಲಿಂದ?

ಬೀದರ್‌ನ ಉಸ್ಮಾನ್‌ಗಂಜ್‌ನಿಂದ ಹಿಡಿದು ಔರಾದ್ ತಾಲ್ಲೂಕಿನ ಸಣ್ಣ ಊರಿನ ಕಿರಾಣಿ ಅಂಗಡಿಯವರೆಗೆ, ಶಾಂಪೂ ಸ್ಯಾಶೆಗಳ ಸರದ ಪಕ್ಕದಲ್ಲೇ ಡೈಪರ್‌ಗಳ ಸರವೂ ತೂಗುವ ಕಾಲ ಇದು. ಇಡೀ ಪ್ಯಾಕೆಟ್ ಕೊಳ್ಳಲು ಆಗದವರಿಗೆ ಬಿಡಿಯಾಗಿ ಒಂದನ್ನೇ ಹರಿದು ಕೊಡುತ್ತಾರೆ. ಕಂಪನಿ ಯಾವುದಾದರೂ ಜನರ ಬಾಯಲ್ಲಿ ಅದು ‘ಪ್ಯಾಂಪರ್ಸ್’. ಊರಿಗೆ ಹೋಗುವಾಗ ಒಂದು, ದವಾಖಾನೆಗೆ ಹೋಗುವಾಗ ಒಂದು, ಮದುವೆ ಮನೆಗೆ ಒಂದು ಎಂದು ಶುರುವಾದದ್ದು ಕೆಲವು ವಾರಗಳಲ್ಲಿ ದಿನಕ್ಕೆ ಐದಾರಕ್ಕೆ ಬಂದು ನಿಲ್ಲುತ್ತದೆ.

ಹಾಗೆ ನಿಂತ ಮೇಲೆ ಎರಡು ಪ್ರಶ್ನೆ ಏಳುತ್ತವೆ. ಒಂದು ಖರ್ಚಿನದು, ಇನ್ನೊಂದು ಕೂಸಿನ ತೊಡೆಸಂದಿಯಲ್ಲಿ ಕೆಂಪಾಗಿ ಎದ್ದ ಗುಳ್ಳೆಗಳದು. ಆಗ ಎಳೆಯ ತಾಯಂದಿರು ಫೋನಿನಲ್ಲಿ ‘ಬಟ್ಟೆ ಡೈಪರ್’ ಹುಡುಕುತ್ತಾರೆ. ಟಿಚ್ ಬಟನ್ ಇರುವ, ಹೂವು-ಆನೆ ಚಿತ್ರಗಳಿರುವ ಬಣ್ಣಬಣ್ಣದ ಚಡ್ಡಿಗಳು ಕಾಣುತ್ತವೆ. ಜೊತೆಗೆ ‘ಇನ್ಸರ್ಟ್’, ‘ಬೂಸ್ಟರ್’, ‘ಪ್ರೀಫೋಲ್ಡ್’ ಎಂಬ ಹೊಸ ಪದಗಳ ಸಾಲು. ಇದೇನೋ ಬೆಂಗಳೂರು-ಮುಂಬೈನವರು ಕಲಿತುಬಂದ ವಿದ್ಯೆ ಎನ್ನಿಸಿ ಹಲವರು ಅಲ್ಲೇ ಕೈಬಿಡುತ್ತಾರೆ. ಅದೇ ಮನೆಯ ಪಡಸಾಲೆಯಲ್ಲಿ ಕೂತ ಅಜ್ಜಿಗೆ ಈ ವಿದ್ಯೆಯ ಮುಕ್ಕಾಲು ಪಾಲು ಗೊತ್ತಿರುತ್ತದೆ. ಅವರು ಅದಕ್ಕೆ ಲಂಗೋಟಿ ಎನ್ನುತ್ತಾರೆ, ಅಷ್ಟೇ.

ಬೀದರ್ ಭಾಗದ ಮನೆಗಳಲ್ಲಿ ಲಂಗೋಟಿ ಬಿಟ್ಟುಹೋದದ್ದಕ್ಕೆ ಸೋಮಾರಿತನವನ್ನೋ ಶೋಕಿಯನ್ನೋ ಕಾರಣ ಮಾಡುವುದು ಸರಿಯಲ್ಲ. ಅದು ನಿಂತಿದ್ದ ಮೂರು ಆಧಾರಗಳು ಸಡಿಲವಾದವು. ಮನೆಯಲ್ಲಿ ಹಳೆಯ ಹತ್ತಿಸೀರೆ ಇರುತ್ತಿತ್ತು, ಒಗೆಯಲು ಕೈಗಳಿದ್ದವು, ಒಣಹಾಕಲು ಅಂಗಳವಿತ್ತು. ಈ ಮೂರನ್ನೂ ಇವತ್ತಿನ ಮನೆಗೆ ತಕ್ಕಂತೆ ಮತ್ತೆ ಹೊಂದಿಸಿಕೊಂಡರೆ ಬಟ್ಟೆಯಲ್ಲಿ ಕೂಸು ಬೆಳೆಸುವುದು ಕಷ್ಟದ ಕೆಲಸವಲ್ಲ. ಮೂರನ್ನೂ ಬಿಟ್ಟು ಬರೀ ದುಬಾರಿ ಚಡ್ಡಿ ಕೊಂಡರೆ ಎರಡನೇ ವಾರಕ್ಕೆ ಅವು ಕಪಾಟು ಸೇರುತ್ತವೆ.

ಮೊದಲು ಬಟ್ಟೆಯ ಮಾತು. ಹಿಂದೆ ಹೆರಿಗೆಗೆ ತವರಿಗೆ ಬಂದ ಮಗಳಿಗಾಗಿ ತಾಯಿ ಏಳನೇ ತಿಂಗಳಿಂದಲೇ ಹಳೆಯ ಸೀರೆ, ದೋತರಗಳನ್ನು ಎತ್ತಿಡುತ್ತಿದ್ದಳು. ವರ್ಷಗಟ್ಟಲೆ ಉಟ್ಟು ಒಗೆದ ಹತ್ತಿ ಅದು. ಗಂಜಿ, ಬಣ್ಣ, ಒರಟುತನ ಎಲ್ಲ ಹೋಗಿ ಮೆತ್ತಗಾಗಿರುತ್ತಿತ್ತು. ದೊಡ್ಡ ತುಂಡು ಕೂಸನ್ನು ಸುತ್ತುವ ದುಪಟಿಗೆ, ಸಣ್ಣ ಚೌಕ ಲಂಗೋಟಿಗೆ, ಉಳಿದ ಚಿಂದಿ ಕೌದಿಗೆ. ಹರಿದ ಬಟ್ಟೆಯ ಒಂದು ಚೂರೂ ವ್ಯರ್ಥವಾಗುತ್ತಿರಲಿಲ್ಲ. ಇಂದು ಅದೇ ಕಪಾಟನ್ನು ತೆರೆದರೆ ಸಿಗುವುದು ಹೆಚ್ಚಾಗಿ ಪಾಲಿಸ್ಟರ್, ಜಾರ್ಜೆಟ್, ‘ಸಿಲ್ಕ್’ ಎಂಬ ಹೆಸರಿನ ಕೃತಕ ನೂಲು. ಇಂಥ ಬಟ್ಟೆ ನೀರನ್ನು ಹೀರುವುದಿಲ್ಲ; ಉಚ್ಚೆ ಅದರ ಮೇಲೆ ಜಾರಿ ಹಾಸಿಗೆ ಸೇರುತ್ತದೆ. ಅಜ್ಜಿಯ ಮಾತು ಕೇಳಿ ಹಳೇ ಸೀರೆ ಹರಿದು ಲಂಗೋಟಿ ಕಟ್ಟಿದ ಸೊಸೆ, “ಇದೇನು ಪ್ರಯೋಜನಕ್ಕೆ ಬರೋದಿಲ್ಲ ಬಿಡ್ರಿ” ಎಂದರೆ ತಪ್ಪು ಇಬ್ಬರದೂ ಅಲ್ಲ. ಬದಲಾದದ್ದು ಸೀರೆ.

ಬಟ್ಟೆ ಹತ್ತಿಯೋ ಅಲ್ಲವೋ ತಿಳಿಯಲು ಸುಲಭದ ಪರೀಕ್ಷೆಗಳಿವೆ. ಒಂದು ಹನಿ ನೀರು ಬಿಡಿ. ಒಗೆದು ಹಳತಾದ ಹತ್ತಿ ಅದನ್ನು ತಕ್ಷಣ ಕುಡಿಯುತ್ತದೆ, ಪಾಲಿಸ್ಟರ್ ಮೇಲೆ ಹನಿ ಹಾಗೇ ಕೂರುತ್ತದೆ. ಇನ್ನೂ ಅನುಮಾನವಿದ್ದರೆ ಅಂಚಿನಿಂದ ಎರಡು ಎಳೆ ತೆಗೆದು ಸುಟ್ಟು ನೋಡಬಹುದು. ಹತ್ತಿ ಕಾಗದದಂತೆ ಉರಿದು ಪುಡಿಬೂದಿಯಾಗುತ್ತದೆ. ಕೃತಕ ನೂಲು ಕರಗಿ, ಆರಿದ ಮೇಲೆ ಗಟ್ಟಿ ಗುಂಡಾಗಿ ಉಳಿಯುತ್ತದೆ.

ಮನೆಯಲ್ಲಿ ಹಳೆಯ ಹತ್ತಿ ಇಲ್ಲದಿದ್ದರೆ ಬಟ್ಟೆ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಮಲ್‌ಮಲ್ ಅಥವಾ ತೆಳು ಮಂಜರಪಾಟ ಕೇಳಬಹುದು. ದೋತರ ಧರಿಸುವ ಹಿರಿಯರು ಇನ್ನೂ ಇರುವ ಭಾಲ್ಕಿ, ಔರಾದ್‌ಗಳ ಮನೆಗಳಲ್ಲಿ ಅಜ್ಜನ ಹಳೆಯ ದೋತರವೇ ಎಲ್ಲಕ್ಕಿಂತ ಒಳ್ಳೆಯದು. ಒಂದರಲ್ಲಿ ಹತ್ತಕ್ಕೂ ಹೆಚ್ಚು ಲಂಗೋಟಿ ಬರುತ್ತವೆ. ಇನ್ನೊಂದು ಅನುಕೂಲ ಈ ಸೀಮೆಗೆ ಹತ್ತಿರದಲ್ಲೇ ಇದೆ. ಚಾದರ ಮತ್ತು ಟರ್ಕಿ ಟಾವೆಲ್‌ಗಳಿಗೆ ಹೆಸರಾದ ಸೊಲ್ಲಾಪುರ ದೂರವೇನಲ್ಲ; ಅಲ್ಲಿನ ಚಾದರಕ್ಕೂ ಟಾವೆಲ್‌ಗೂ ಭೌಗೋಳಿಕ ಗುರುತಿನ ಮಾನ್ಯತೆಯಿದೆ. ಕುಣಿಕೆ ಎದ್ದ ಆ ಹತ್ತಿ ಟಾವೆಲ್‌ನ ಎರಡು ಪದರ ಹೊಲಿದರೆ ರಾತ್ರಿಗೆ ಬೇಕಾದ ದಪ್ಪ ಒಳಪಟ್ಟಿ ಸಿದ್ಧ. ಅಂಗಡಿಯ ‘ಬೂಸ್ಟರ್’ ಮಾಡುವ ಕೆಲಸವನ್ನೇ ಇದೂ ಮಾಡುತ್ತದೆ. ಓಣಿಯ ದರ್ಜಿ ಅರ್ಧ ಗಂಟೆಯಲ್ಲಿ ಆರೇಳು ಹೊಲಿದು ಕೊಡುತ್ತಾನೆ.

ಹೊಸ ಬಟ್ಟೆಯನ್ನು ನೇರವಾಗಿ ಕೂಸಿಗೆ ಕಟ್ಟಬಾರದು. ನೂಲಿಗೆ ಹಾಕಿದ ಗಂಜಿಯೂ ಹತ್ತಿಯ ಸಹಜ ಎಣ್ಣೆ-ಮೇಣವೂ ಹೋಗುವವರೆಗೆ ಅದು ಪೂರ್ತಿ ಹೀರುವುದಿಲ್ಲ. ಬಿಸಿನೀರಿನಲ್ಲಿ ನಾಲ್ಕೈದು ಸಲ ಒಗೆದು, ಪ್ರತಿ ಸಲವೂ ಬಿಸಿಲಿಗೆ ಒಣಗಿಸಬೇಕು. ಆನ್‌ಲೈನ್‌ನಲ್ಲಿ ತರಿಸಿದ ಬಟ್ಟೆ ಡೈಪರ್ ಮೊದಲ ದಿನವೇ ಸೋರಿತು ಎಂಬ ದೂರಿನ ಹಿಂದೆ ಬಹಳ ಸಲ ಇರುವ ಕಾರಣ ಇದೇ.

ಪ್ಯಾಕೆಟ್ಟಿನ ಡೈಪರ್ ಅಷ್ಟು ಹೊತ್ತು ಒಣಗಿರುವಂತೆ ಕಾಣುವುದು ಹೇಗೆ? ಅದರ ಇತಿಹಾಸ ಬಹಳ ಹಳೆಯದಲ್ಲ. ಅಮೆರಿಕದ ಮೇರಿಯನ್ ಡೊನೊವನ್ ಎಂಬ ತಾಯಿ 1946ರಲ್ಲಿ ಸ್ನಾನದ ಮನೆಯ ಪರದೆಯನ್ನು ಕತ್ತರಿಸಿ, ಬಟ್ಟೆಯ ಮೇಲೆ ತೊಡಿಸುವ ನೀರು ಸೋರದ ಚಡ್ಡಿ ಹೊಲಿದಳು. 1951ರಲ್ಲಿ ಅದಕ್ಕೆ ಪೇಟೆಂಟ್ ಪಡೆದಳು. ಬಳಸಿ ಬಿಸಾಡುವ ಪ್ಯಾಂಪರ್ಸ್ 1961ರಲ್ಲಿ ಮಾರುಕಟ್ಟೆಗೆ ಬಂತು. ಆಗ ಅದರೊಳಗೆ ಇದ್ದದ್ದು ಕಾಗದದ ತಿರುಳು. 1980ರ ದಶಕದಲ್ಲಿ ಅದರ ಜೊತೆಗೆ ಸೋಡಿಯಂ ಪಾಲಿಅಕ್ರಿಲೇಟ್ ಎಂಬ ಹರಳು ಸೇರಿತು. ತನ್ನ ತೂಕದ ಹತ್ತಾರು ಪಟ್ಟು ಉಚ್ಚೆಯನ್ನು ಹೀರಿ ಜೆಲ್ಲಿಯಾಗುವ ಪುಡಿ ಇದು. ಹೊರಪದರ ಪಾಲಿಎಥಿಲೀನ್, ಚರ್ಮಕ್ಕೆ ತಾಗುವ ಪದರ ಪಾಲಿಪ್ರೊಪಿಲೀನ್. ಎರಡೂ ಪ್ಲಾಸ್ಟಿಕ್.

ಬಟ್ಟೆಯಲ್ಲಿ ಈ ಜೆಲ್ ಇಲ್ಲ. ಹತ್ತಿ ತೊಯ್ದರೆ ತೊಯ್ದಂತೆಯೇ ಗೊತ್ತಾಗುತ್ತದೆ, ಕೂಸಿಗೂ ಗೊತ್ತಾಗುತ್ತದೆ. ಆದ್ದರಿಂದ ಬಟ್ಟೆಗೆ ಬರುವವರು ಒಪ್ಪಿಕೊಳ್ಳಬೇಕಾದ ಮೊದಲ ನಿಯಮ: ತೊಯ್ದ ಕೂಡಲೇ ಬದಲಿಸಬೇಕು. ಹಗಲಲ್ಲಿ ಎರಡು ಗಂಟೆಗಿಂತ ಹೆಚ್ಚು ಬಿಡುವಂತಿಲ್ಲ. ಕಕ್ಕ ಮಾಡಿದರೆ ಎರಡು ನಿಮಿಷವೂ ಕಾಯುವಂತಿಲ್ಲ.

ಇದರ ಹಿಂದಿನ ಕಾರಣ ತಿಳಿದರೆ ಗುಳ್ಳೆಗಳ ಭಯವೂ ಕಡಿಮೆಯಾಗುತ್ತದೆ. ಉಚ್ಚೆಯಲ್ಲಿ ಯೂರಿಯಾ ಇರುತ್ತದೆ. ಮಲದಲ್ಲಿನ ಬ್ಯಾಕ್ಟೀರಿಯಾ ಅದನ್ನು ಅಮೋನಿಯಾ ಆಗಿಸುತ್ತವೆ. ಅದರಿಂದ ಚರ್ಮದ ಸಹಜ ಆಮ್ಲೀಯತೆ ಕಳೆದುಹೋಗುತ್ತದೆ. ಆಗ ಮಲದಲ್ಲಿರುವ, ಕೊಬ್ಬು-ಪ್ರೋಟೀನು ಕರಗಿಸುವ ಕಿಣ್ವಗಳು ಚುರುಕಾಗಿ ಎಳೆಯ ಚರ್ಮವನ್ನೇ ಕೊರೆಯತೊಡಗುತ್ತವೆ. ಮೇಲೆ ಗಾಳಿಯಾಡದ ಹೊದಿಕೆ ಇದ್ದರಂತೂ ಬೆವರೂ ಸೇರುತ್ತದೆ. ಇದು ಪ್ಯಾಕೆಟ್ ಡೈಪರ್‌ನಲ್ಲೂ ಆಗುತ್ತದೆ, ಬಟ್ಟೆಯಲ್ಲೂ ಆಗುತ್ತದೆ. ಬಟ್ಟೆ ಹಾಕಿದರೆ ಗುಳ್ಳೆ ಬರುವುದೇ ಇಲ್ಲ ಎನ್ನುವ ಮಾರಾಟಗಾರರ ಮಾತು ನಿಜವಲ್ಲ. ಜೆಲ್ ತೇವವನ್ನು ಚರ್ಮದಿಂದ ದೂರ ಒಯ್ಯುತ್ತದೆ, ಅದು ಅದರ ಒಳ್ಳೆಯ ಗುಣ. ಆದರೆ ಒಣಗಿದಂತೆ ಕಾಣುವುದರಿಂದ ಆರೇಳು ಗಂಟೆ ಹಾಗೇ ಬಿಡುತ್ತೇವೆ. ಬಟ್ಟೆ ನಮ್ಮನ್ನು ಬದಲಿಸಲು ಒತ್ತಾಯಿಸುತ್ತದೆ. ದಿನದಲ್ಲಿ ಒಂದೆರಡು ಗಂಟೆ ಏನೂ ಕಟ್ಟದೆ, ಕೌದಿಯ ಮೇಲೆ ಬರಿಮೈಯಲ್ಲಿ ಆಡಲು ಬಿಟ್ಟರೆ ಅದಕ್ಕಿಂತ ದೊಡ್ಡ ಔಷಧ ಇಲ್ಲ. ತೊಡೆಸಂದಿಯ ಮಡಿಕೆಯೊಳಗೇ ಗಾಢ ಕೆಂಪಾಗಿ, ಸುತ್ತ ಚುಕ್ಕಿ ಚುಕ್ಕಿಯಾಗಿ ಹರಡಿದರೆ ಅದು ಶಿಲೀಂಧ್ರದ ಸೋಂಕಿರಬಹುದು. ಎಣ್ಣೆ, ಪೌಡರ್ ಹಚ್ಚುತ್ತ ಕೂರದೆ ಮಕ್ಕಳ ಡಾಕ್ಟರಿಗೆ ತೋರಿಸಬೇಕು. ಟಾಲ್ಕಂ ಪೌಡರ್ ಅಂತೂ ಕೂಸಿನ ಹತ್ತಿರ ಬೇಡವೇ ಬೇಡ. ಅದರ ಧೂಳು ಉಸಿರಿಗೆ ಸೇರುತ್ತದೆ.

ಹುಟ್ಟಿದ ಮೊದಲ ದಿನಗಳಲ್ಲಿ ಬಟ್ಟೆಯಿಂದ ಇನ್ನೊಂದು ಲಾಭವಿದೆ, ಅದನ್ನು ಹೆಚ್ಚು ಜನ ಹೇಳುವುದಿಲ್ಲ. ‘ಹಾಲು ಸಾಲುತ್ತಿದೆಯೋ ಇಲ್ಲವೋ’ ಎಂಬುದು ಬಾಣಂತಿಯ ದೊಡ್ಡ ಚಿಂತೆ. ಐದಾರು ದಿನ ತುಂಬಿದ ಕೂಸು ದಿನಕ್ಕೆ ಕನಿಷ್ಠ ಆರು ಸಲ ಉಚ್ಚೆ ಹೊಯ್ದರೆ ಹಾಲು ಸಾಲುತ್ತಿದೆ ಎಂದು ತಿಳಿಯಬಹುದು. ಲಂಗೋಟಿ ಕಟ್ಟಿದಲ್ಲಿ ಆ ಲೆಕ್ಕ ಕಣ್ಣೆದುರೇ ಇರುತ್ತದೆ. ಜೆಲ್‌ನೊಳಗೆ ಅದು ಕಾಣುವುದಿಲ್ಲ. ಬೀದರ್‌ನ ಬ್ರಿಮ್ಸ್‌ನಲ್ಲೋ ತಾಲ್ಲೂಕು ಆಸ್ಪತ್ರೆಯಲ್ಲೋ ಹೆರಿಗೆಯಾಗಿ ಮನೆಗೆ ಬಂದ ಮೇಲೆ ಆಶಾ ಕಾರ್ಯಕರ್ತೆ ಮನೆ ಭೇಟಿಗೆ ಬರುತ್ತಾರೆ: 3, 7, 14, 21, 28 ಮತ್ತು 42ನೇ ದಿನ. ಆಗ ಕೂಸು ದಿನಕ್ಕೆ ಎಷ್ಟು ಸಲ ತೋಯಿಸುತ್ತದೆ ಎಂದು ಹೇಳಿದರೆ ಅವರಿಗೂ ಅಂದಾಜು ಸಿಗುತ್ತದೆ.

ಈ ಮೊದಲ ತಿಂಗಳಿಗೆ ಚಡ್ಡಿಯಾಕಾರದ ಯಾವ ಡೈಪರೂ ಬೇಕಿಲ್ಲ. ಎರಡೂವರೆ-ಮೂರು ಕೇಜಿಯ ಕೂಸಿನ ಸಣಕಲು ತೊಡೆಗೆ ಅವು ಸರಿಯಾಗಿ ಕೂರುವುದೂ ಇಲ್ಲ. ಮುಕ್ಕಾಲು ಅಡಿಯಿಂದ ಎರಡು ಅಡಿಯವರೆಗಿನ ಚೌಕದ ಲಂಗೋಟಿಗಳು ಮೂವತ್ತು, ಕೆಳಗೆ ಹಾಸಲು ಕೌದಿಯ ಸಣ್ಣ ತುಂಡುಗಳು ಏಳೆಂಟು, ನಡುವೆ ಒಂದು ರಬ್ಬರ್ ಶೀಟು: ದಿನವೂ ಒಗೆಯುವ ಮನೆಗೆ ಇಷ್ಟು ಸಾಕು. ದೊಡ್ಡ ಚೌಕವನ್ನು ಮೂಲೆಗೆ ಮೂಲೆ ಸೇರಿಸಿ ತ್ರಿಕೋನ ಮಡಚಿ, ಎರಡು ತುದಿ ಸೊಂಟದ ಮೇಲೆ, ಮೂರನೆಯದು ಕಾಲ ನಡುವಿನಿಂದ ತಂದು ಕಟ್ಟುವುದು ಎಲ್ಲ ಅಜ್ಜಿಯರಿಗೂ ಕೈಗೆ ಬಂದ ಮಡಿಕೆ. ಸಣ್ಣ ತುಂಡನ್ನು ಉದ್ದಕ್ಕೆ ಮಡಚಿ ಅದರೊಳಗೆ ಇಟ್ಟರೆ ಇನ್ನಷ್ಟು ಹೀರುತ್ತದೆ. ಸೇಫ್ಟಿ ಪಿನ್ ಬೇಡ, ಗಂಟು ಅಥವಾ ಹೊಲಿದ ಲಾಡಿ ಸಾಕು. ಗಂಡುಕೂಸಿಗೆ ಮುಂದೆ, ಹೆಣ್ಣುಕೂಸಿಗೆ ನಡುವಿನಲ್ಲಿ ಹೆಚ್ಚು ಪದರ ಬರಲಿ.

ಎರಡು ಎಚ್ಚರಿಕೆ ಮುಖ್ಯ. ಹೊಕ್ಕಳುಬಳ್ಳಿ ಒಣಗಿ ಬೀಳುವವರೆಗೆ, ಅಂದರೆ ಸಾಮಾನ್ಯವಾಗಿ ಒಂದೆರಡು ವಾರ, ಲಂಗೋಟಿ ಹೊಕ್ಕಳಿನ ಕೆಳಗೇ ಇರಬೇಕು. ಉಚ್ಚೆ ತಾಗಬಾರದು, ಗಾಳಿ ತಾಗಬೇಕು. ಇನ್ನೊಂದು, ದುಪಟಿಯಲ್ಲಿ ಸುತ್ತುವಾಗ ಕಾಲುಗಳನ್ನು ನೆಟ್ಟಗೆ ಜೋಡಿಸಿ ಬಿಗಿಯಬಾರದು. ಕೂಸಿನ ಕಾಲು ಕಪ್ಪೆಯ ಕಾಲಿನಂತೆ ಮಡಚಿ ಅಗಲವಾಗಿರುವುದೇ ಸಹಜ. ನೆಟ್ಟಗೆ ಎಳೆದು ಬಿಗಿದರೆ ತೊಡೆಯ ಮೂಳೆ ಸೊಂಟದ ಕುಳಿಯಲ್ಲಿ ಸರಿಯಾಗಿ ಕೂರದೆ ಜಾರುವ ಅಪಾಯವಿದೆ. ಕಾಲು ಸೊಟ್ಟಗಾಗುತ್ತದೆ ಎಂದು ಬಿಗಿಯುವ ಹಿರಿಯರಿಗೆ ಇದನ್ನು ಸಮಾಧಾನದಿಂದ ಹೇಳಬೇಕು. ಲಂಗೋಟಿಯ ದಪ್ಪದಿಂದ ಕಾಲು ಸ್ವಲ್ಪ ಅಗಲವಾದರೆ ಯಾವ ತೊಂದರೆಯೂ ಇಲ್ಲ.

ಎರಡು-ಮೂರು ತಿಂಗಳಾಗಿ, ಕೂಸು ತೂಕ ಹಿಡಿದು, ಎತ್ತಿಕೊಂಡವರ ಸೀರೆ ಅಂಗಿಯೆಲ್ಲ ತೋಯಿಸತೊಡಗಿದಾಗ ಹೊಸ ಬಗೆಯ ಬಟ್ಟೆ ಡೈಪರ್ ಕೆಲಸಕ್ಕೆ ಬರುತ್ತದೆ. ಅದರ ಗುಟ್ಟು ಹೊರಗಿನ ಚಡ್ಡಿ. ಪಾಲಿಸ್ಟರ್ ಬಟ್ಟೆಗೆ ಪಾಲಿಯುರಥೇನ್‌ನ ತೆಳುಪೊರೆ ಅಂಟಿಸಿದ ಇದನ್ನು ‘ಪಿಯುಎಲ್’ ಎನ್ನುತ್ತಾರೆ. ನೀರು ಹೊರಗೆ ಬಿಡುವುದಿಲ್ಲ, ಹಿಂದಿನ ಪ್ಲಾಸ್ಟಿಕ್ ಚಡ್ಡಿಗಿಂತ ಮೆತ್ತಗೆ. ಒಳಗೆ ಹೀರುವ ಪಟ್ಟಿ ಬೇರೆ ಇದ್ದು ಬರೀ ಹೊದಿಕೆಯಾಗಿರುವುದು ಒಂದು ಬಗೆ. ಚೀಲದಂಥ ಒಳಭಾಗಕ್ಕೆ ಪಟ್ಟಿ ತುರುಕುವ ‘ಪಾಕೆಟ್’ ಇನ್ನೊಂದು. ಎಲ್ಲವೂ ಒಟ್ಟಿಗೆ ಹೊಲಿದಿರುವುದು ಮತ್ತೊಂದು. ಇದು ಹಾಕಲು ಸುಲಭ, ಒಣಗುವುದು ಮಾತ್ರ ನಿಧಾನ. ಬೀದರ್ ಸೀಮೆಯ ಮನೆಗೆ ಮೊದಲನೆಯದೇ ಹೊಂದುತ್ತದೆ ಎಂದು ಈ ಲೇಖನ ಗಟ್ಟಿಯಾಗಿ ಹೇಳಬಯಸುತ್ತದೆ. ಮೂರು ಹೊದಿಕೆ ಕೊಂಡರೆ ಸಾಕು, ಒಳಗೆ ಮನೆಯ ಲಂಗೋಟಿಯನ್ನೇ ಉದ್ದಕ್ಕೆ ಮಡಚಿ ಇಡಬಹುದು. ಬರೀ ಉಚ್ಚೆಯಾದರೆ ಹೊದಿಕೆಯನ್ನು ಒರೆಸಿ, ಒಳಗಿನ ಬಟ್ಟೆಯನ್ನಷ್ಟೇ ಬದಲಿಸಿ ಮತ್ತೆ ಹಾಕಬಹುದು. ಒಮ್ಮೆಗೇ ಹನ್ನೆರಡರ ಸೆಟ್ ತರಿಸುವ ಅವಸರ ಬೇಡ. ಒಂದನ್ನು ತರಿಸಿ, ತೊಡೆಯ ಸುತ್ತ ಎಲಾಸ್ಟಿಕ್ ಸಂದಿಲ್ಲದೆ ಕೂರುತ್ತದೆಯೇ, ತೆಗೆದ ಮೇಲೆ ಗಾಢ ಗುರುತು ಉಳಿಯುತ್ತದೆಯೇ ಎಂದು ನೋಡಿಯೇ ಮುಂದಿನದು.

ಒಳಪಟ್ಟಿಯಲ್ಲಿ ‘ಮೈಕ್ರೋಫೈಬರ್’ ಎಂದಿದ್ದರೆ ಅದು ನೇರವಾಗಿ ಚರ್ಮಕ್ಕೆ ತಾಗದಂತೆ ನೋಡಿಕೊಳ್ಳಬೇಕು, ಅದು ಚರ್ಮದ ತೇವವನ್ನೂ ಎಳೆಯುತ್ತದೆ. ‘ಬಿದಿರಿನ ಬಟ್ಟೆ’ ಎಂಬುದು ಬಿದಿರಿನ ತಿರುಳನ್ನು ರಾಸಾಯನಿಕದಲ್ಲಿ ಕರಗಿಸಿ ತೆಗೆದ ರೇಯಾನ್. ಚೆನ್ನಾಗಿ ಹೀರುತ್ತದೆ, ಆದರೆ ಅದಕ್ಕೆ ಕೊಡುವ ವಿಶೇಷ ಬೆಲೆಗೆ ತಕ್ಕ ಪವಾಡವೇನೂ ಇಲ್ಲ.

ಇನ್ನು ಒಗೆತ. ಬಟ್ಟೆಯ ಡೈಪರ್ ಉಳಿಯುವುದೂ ಮುಗಿಯುವುದೂ ಇಲ್ಲೇ.

ಬೀದರ್ ಕಡೆ ನೀರಿನ ಮಾತನ್ನು ಹಗುರವಾಗಿ ಆಡುವಂತಿಲ್ಲ. 2016ರ ಬೇಸಿಗೆಯಲ್ಲಿ ಮಾಂಜ್ರಾ ಜಲಾಶಯ ಒಣಗಿ, ಔರಾದ್‌ಗೆ ಹೊಂದಿಕೊಂಡ ಲಾತೂರ್ ಜಿಲ್ಲೆಗೆ ಮೀರಜ್‌ನಿಂದ ರೈಲಿನಲ್ಲಿ ನೀರು ತಂದದ್ದನ್ನು ಈ ಭಾಗದವರು ಮರೆತಿಲ್ಲ. ನಲ್ಲಿ ಬಾರದ ದಿನ ಕೊಡ ಹೊರುವ ಹೆಂಗಸಿಗೆ ‘ಪರಿಸರಕ್ಕಾಗಿ ದಿನಾ ಲಂಗೋಟಿ ಒಗೆಯಿರಿ’ ಎಂದು ಯಾರೂ ಉಪದೇಶ ಮಾಡಬಾರದು. ಅಂಥ ವಾರಗಳಲ್ಲಿ ಪ್ಯಾಕೆಟ್ ಡೈಪರ್ ಬಳಸಿದರೆ ಅದು ಸೋಲಲ್ಲ. ನೀರಿದ್ದ ಕಾಲದಲ್ಲೂ ಕಡಿಮೆ ನೀರಲ್ಲಿ ಒಗೆಯುವ ಕ್ರಮವಿದೆ. ತೊಯ್ದವನ್ನು ನೀರಿನಲ್ಲಿ ನೆನೆಹಾಕದೆ, ಗಾಳಿಯಾಡುವ ಬುಟ್ಟಿಯಲ್ಲಿ ಒಟ್ಟುಮಾಡಬೇಕು. ದಿನಗಟ್ಟಲೆ ನೆನೆದ ನೀರು ನಾರುತ್ತದೆ. ಅಂಬೆಗಾಲಿಡುವ ಕೂಸಿರುವ ಮನೆಯಲ್ಲಿ ತುಂಬಿದ ಬಕೆಟ್ ಜೀವಕ್ಕೇ ಅಪಾಯ. ಕಕ್ಕ ಆದದ್ದನ್ನು ಮಾತ್ರ ಆಗಲೇ ಕೊಡವಿ ತೊಳೆಯಬೇಕು. ಮುಂಜಾನೆ ಒಂದು ಬಕೆಟ್‌ನಲ್ಲಿ ಎಲ್ಲದರ ಉಚ್ಚೆ ಹೋಗುವಂತೆ ಜಾಲಿಸಿ, ಎರಡನೆಯದರಲ್ಲಿ ಡಿಟರ್ಜೆಂಟ್ ಹಾಕಿ ತಿಕ್ಕಿ, ಮೂರು-ನಾಲ್ಕನೆಯದರಲ್ಲಿ ನೊರೆ ಹೋಗುವವರೆಗೆ ಹಿಂಡಬೇಕು. ಕೊನೆಯ ಬಕೆಟ್ಟಿನ ತಿಳಿನೀರನ್ನು ಮರುದಿನದ ಮೊದಲ ಜಾಲಿಕೆಗೆ ಎತ್ತಿಟ್ಟರೆ ಒಂದು ಬಕೆಟ್ ಉಳಿಯಿತು.

ಕಕ್ಕದ ನೀರು ಮಾತ್ರ ಅಂಗಳಕ್ಕೆ, ಗಟಾರಿಗೆ ಹೋಗಕೂಡದು. ‘ಕೂಸಿನದೇನು, ಹಾಲು ಕುಡಿಯುವುದಲ್ಲವೇ’ ಎಂಬ ಮಾತು ಎಲ್ಲ ಮನೆಯಲ್ಲೂ ಕೇಳುತ್ತದೆ. ಕೂಸಿನ ಮಲದಲ್ಲೂ ದೊಡ್ಡವರದರಷ್ಟೇ ರೋಗಾಣು ಇರುತ್ತವೆ. ಅದು ಶೌಚಾಲಯಕ್ಕೇ ಹೋಗಬೇಕು, ಒಗೆದ ಕೈಯನ್ನು ಸೋಪಿನಲ್ಲಿ ತೊಳೆಯಬೇಕು. ಬರೀ ತಾಯಿಹಾಲು ಕುಡಿಯುವ ಆರು ತಿಂಗಳು ಮಲ ತೆಳ್ಳಗಿದ್ದು ನೀರಿನಲ್ಲಿ ಸುಲಭವಾಗಿ ಬಿಡುತ್ತದೆ. ರಾಗಿ ಗಂಜಿ, ಬೇಳೆಕಟ್ಟು ಶುರುವಾದ ಮೇಲೆ ಲಂಗೋಟಿಯ ಮೇಲೆ ಒಂದು ತೆಳು ಮಲ್‌ಮಲ್ ತುಂಡು ಹಾಸಿದರೆ ಕೊಡವಿ ತೆಗೆಯಲು ಹಗುರ.

ಬೋರ್‌ವೆಲ್ ನೀರು ಗಡಸಾಗಿರುವ ಕಡೆ ಕಾಯಿಸುವ ಪಾತ್ರೆಗೆ ಬಿಳಿ ಪದರ ಕಟ್ಟುತ್ತದೆ. ಅಂಥ ನೀರಿನಲ್ಲಿ ಬಾರ್ ಸೋಪು ನೊರೆ ಬಾರದೆ ಜಿಡ್ಡಾಗಿ ನೂಲಿಗೆ ಅಂಟುತ್ತದೆ. ಲಂಗೋಟಿ ಹಲಗೆಯಂತಾಗಿ ಹೀರುವುದನ್ನೇ ಬಿಡುತ್ತದೆ. ಅಲ್ಲಿ ಡಿಟರ್ಜೆಂಟ್ ಪುಡಿಯೇ ಸರಿ, ಅದೂ ಹಿಡಿತದಲ್ಲಿ. ಮಳೆನೀರು ಹಿಡಿದಿಟ್ಟಿದ್ದರೆ ಕೊನೆಯ ಜಾಲಿಕೆಗೆ ಅದನ್ನು ಬಳಸಬಹುದು. ಸುವಾಸನೆಯ ಫ್ಯಾಬ್ರಿಕ್ ಕಂಡಿಷನರ್ ನೂಲಿನ ಮೇಲೆ ಪೊರೆ ಕಟ್ಟುತ್ತದೆ, ಅದು ಬೇಡ. ಪ್ರತಿ ಸಲ ಡೆಟಾಲ್ ಹಾಕುವ ಅಗತ್ಯವೂ ಇಲ್ಲ. ನಲವತ್ತು ಡಿಗ್ರಿ ದಾಟುವ ಬೀದರ್‌ನ ಬಿಸಿಲು ಆ ಕೆಲಸವನ್ನು ಪುಕ್ಕಟೆ ಮಾಡುತ್ತದೆ, ಹಳದಿ ಕಲೆಯನ್ನೂ ತೆಗೆಯುತ್ತದೆ. ಹೊದಿಕೆ ಚಡ್ಡಿಯನ್ನು ಮಾತ್ರ ನೆರಳಲ್ಲಿ ಒಣಗಿಸಬೇಕು. ಸುಡು ಬಿಸಿಲಿಗೆ ಅದರ ಪೊರೆ, ಎಲಾಸ್ಟಿಕ್ ಎರಡೂ ಕೆಡುತ್ತವೆ.

ಕಷ್ಟ ಬರುವುದು ಮಳೆಗಾಲದಲ್ಲಿ. ಶೆಗಡಿಯ ಕೆಂಡದ ಮೇಲೆ ಬುಟ್ಟಿ ಬೋರಲು ಹಾಕಿ ಲಂಗೋಟಿ ಒಣಗಿಸುವುದು, ಲೋಬಾನದ ಹೊಗೆ ಕೊಡುವುದು ಬಾಣಂತಿ ಕೋಣೆಯ ಹಳೆಯ ರೂಢಿ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಏಳುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಮಲಗಿದ ತಾಯಿ-ಕೂಸಿನ ಜೀವವನ್ನೇ ತೆಗೆಯಬಲ್ಲದು. ಒಣಗಿಸುವುದಿದ್ದರೆ ಅಡುಗೆಮನೆಯಲ್ಲೋ ಹೊರಗಿನ ಮಾಡಿನ ಕೆಳಗೋ ಇರಲಿ. ತೆಳು ಲಂಗೋಟಿ ಫ್ಯಾನಿನ ಕೆಳಗೆ ರಾತ್ರಿ ಕಳೆಯುವುದರೊಳಗೆ ಒಣಗುತ್ತದೆ, ಉಳಿದ ತೇವಕ್ಕೆ ಇಸ್ತ್ರಿ ಇದೆ. ಮೂರು ಪದರದ ದಪ್ಪ ಡೈಪರ್‌ಗಿಂತ ಒಂದೇ ಪದರದ ಚೌಕ ಬಟ್ಟೆ ಇಲ್ಲಿಯ ಹವೆಗೆ ಸರಿ ಎನ್ನುವುದಕ್ಕೆ ಇದೂ ಒಂದು ಕಾರಣ.

ಒಗೆಯುವವರು ಯಾರು? ಇದನ್ನು ಕೇಳದೆ ಬಟ್ಟೆ ಡೈಪರ್ ಬಗ್ಗೆ ಬರೆಯುವುದು ಅರ್ಧ ಬರೆದಂತೆ. ಹಿಂದೆ ಮೈಲಿಗೆಯ ಹೆಸರಿನಲ್ಲಿ ಬಾಣಂತಿಯ, ಕೂಸಿನ ಬಟ್ಟೆಗಳು ಅಗಸರ ಪಾಲಿಗೆ ಹೋಗುತ್ತಿದ್ದವು. ಕಾಳು-ರೊಟ್ಟಿಯಷ್ಟೇ ಆ ದುಡಿಮೆಯ ಬೆಲೆಯಾಗಿತ್ತು. ಆ ಕಾಲಕ್ಕೆ ಮರಳಬೇಕೆಂದು ಯಾರೂ ಬಯಸಬಾರದು. ಈಗ ಆ ಭಾರ ಹೊಲಿಗೆ ಹಸಿಯಾಗಿರುವ ಬಾಣಂತಿಯ ಮೇಲೆ, ಇಲ್ಲವೇ ಮೊಣಕಾಲು ನೋವಿನ ಅಜ್ಜಿಯ ಮೇಲೆ ಬೀಳುತ್ತದೆ. ಸಿಸೇರಿಯನ್ ಆದವಳು ಮೊದಲ ವಾರಗಳಲ್ಲಿ ಬಕೆಟ್ ಎತ್ತುವಂತೆಯೇ ಇಲ್ಲ. ಕೂಸಿನ ಅಪ್ಪ ಮುಂಜಾನೆ ಅರ್ಧ ಗಂಟೆ ಈ ಕೆಲಸ ಹಿಡಿದ ಮನೆಯಲ್ಲಿ ಲಂಗೋಟಿ ಉಳಿಯುತ್ತದೆ. ಬಸವಕಲ್ಯಾಣ ಇರುವ ಜಿಲ್ಲೆ ಇದು. ಶರಣರ ಬಟ್ಟೆ ಒಗೆಯುವುದನ್ನೇ ಕಾಯಕ ಮಾಡಿಕೊಂಡ ಮಡಿವಾಳ ಮಾಚಿದೇವರ ಹೆಸರು ಇಲ್ಲಿ ಮನೆಮನೆಗೂ ಗೊತ್ತು. ತನ್ನ ಕೂಸಿನ ಬಟ್ಟೆ ಒಗೆಯಲು ಗಂಡಸು ನಾಚುವ ಕಾರಣವಿಲ್ಲ. ವಾಷಿಂಗ್ ಮಷೀನ್ ಇರುವವರು ಜಾಲಿಸಿದ ಮೇಲೆ ಅದಕ್ಕೇ ಹಾಕಬಹುದು.

ಬಳಸಿದ ಪ್ಯಾಕೆಟ್ ಡೈಪರ್ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ನೋಡಬೇಕು. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಡೈಪರನ್ನು ಸ್ಯಾನಿಟರಿ ತ್ಯಾಜ್ಯವೆಂದು ಗುರುತಿಸಿ, ಸುತ್ತಿ ಪ್ರತ್ಯೇಕವಾಗಿ ಕೊಡಬೇಕೆಂದವು. ಅದಕ್ಕೆ ಬೇಕಾದ ಚೀಲ ಒದಗಿಸುವ ಹೊಣೆಯನ್ನು ತಯಾರಕರ ಮೇಲೆ ಹಾಕಿದವು. ಬೀದರ್ ನಗರದಲ್ಲಿ, ಭಾಲ್ಕಿ ಪುರಸಭೆಯ, ಔರಾದ್ ಪಟ್ಟಣ ಪಂಚಾಯಿತಿಯ ಓಣಿಗಳಲ್ಲಿ ಕಸದ ಗಾಡಿ ಬಂದಾಗ ಹೀಗೆ ಕೊಡಬಹುದು. ಹಳ್ಳಿಯಲ್ಲಿ ಅದು ತಿಪ್ಪೆಗೆ ಬೀಳುತ್ತದೆ. ನಾಯಿ ಎಳೆದಾಡಿ ಜೆಲ್ ಚೆಲ್ಲುತ್ತದೆ. ಉಳಿದದ್ದು ಮಳೆಗೆ ಮುಂಚೆ ಗೊಬ್ಬರದ ಬಂಡಿಯಲ್ಲಿ ತೊಗರಿ, ಸೋಯಾ ಹೊಲಕ್ಕೆ ಹೋಗುತ್ತದೆ. ಹತ್ತಿಯ ಚಿಂದಿ ಮಣ್ಣಾಗುತ್ತದೆ, ಪ್ಲಾಸ್ಟಿಕ್ ಪದರ ಆಗುವುದಿಲ್ಲ.

ಹಾಗೆಂದು ಬಟ್ಟೆ ತಾನಾಗಿಯೇ ಪರಿಸರಸ್ನೇಹಿ ಅಲ್ಲ. ಬ್ರಿಟನ್ನಿನ ಪರಿಸರ ಸಂಸ್ಥೆ 2008ರಲ್ಲಿ ಲೆಕ್ಕ ಹಾಕಿದಾಗ ಎರಡೂವರೆ ವರ್ಷಕ್ಕೆ ಒಂದು ಕೂಸಿನ ಪ್ಯಾಕೆಟ್ ಡೈಪರ್‌ಗಳಿಂದ ಸುಮಾರು 550 ಕೇಜಿ, ಬಟ್ಟೆಯವುಗಳಿಂದ ಸುಮಾರು 570 ಕೇಜಿ ಇಂಗಾಲದ ಹೊರೆ ಬಂತು. ಕಾರಣ ಬಿಸಿನೀರಿನ ಮಷೀನು, ಕರೆಂಟಿನ ಡ್ರೈಯರ್. ಹಗ್ಗದ ಮೇಲೆ ಒಣಗಿಸಿ, ಮಷೀನು ತುಂಬ ಒಗೆದು, ಅದೇ ಬಟ್ಟೆಯನ್ನು ಎರಡನೆಯ ಮಗುವಿಗೂ ಬಳಸಿದರೆ ಬಟ್ಟೆಯ ಹೊರೆ ನೂರಕ್ಕೆ ನಲವತ್ತು ಇಳಿಯುತ್ತದೆ ಎಂದು ಅದೇ ವರದಿ ಹೇಳಿತು. 2023ರಲ್ಲಿ ಅದೇ ದೇಶದ ಸರ್ಕಾರ ಮತ್ತೆ ಲೆಕ್ಕ ತೆಗೆದಾಗ ಬಟ್ಟೆಯದು ನೂರಕ್ಕೆ 25ರಷ್ಟು ಕಡಿಮೆ ಬಂತು. ತಣ್ಣೀರಿನ ಕೈ ಒಗೆತ, ಬಿಸಿಲು, ಅಕ್ಕನ ಕೂಸಿನ ಬಟ್ಟೆ ತಂಗಿಯ ಕೂಸಿಗೆ ಬರುವ ಪದ್ಧತಿ: ಅಲ್ಲಿನವರು ಸಲಹೆಯಾಗಿ ಕೊಡುವುದೆಲ್ಲ ಇಲ್ಲಿ ರೂಢಿಯಲ್ಲೇ ಇದೆ.

ಖರ್ಚನ್ನು ಯಾರು ಬೇಕಾದರೂ ಕೂಡಿ ನೋಡಬಹುದು. ಒಂದಕ್ಕೆ ಹತ್ತು ರೂಪಾಯಿ ಹಿಡಿದು ದಿನಕ್ಕೆ ಆರು ಎಂದರೂ ತಿಂಗಳಿಗೆ 1,800. ಎರಡು ವರ್ಷಕ್ಕೆ 43,000 ದಾಟುತ್ತದೆ. ಹಗಲೆಲ್ಲ ಲಂಗೋಟಿ, ರಾತ್ರಿ ಒಂದೇ ಪ್ಯಾಕೆಟ್ ಡೈಪರ್ ಎಂದು ಇಟ್ಟುಕೊಂಡರೆ ತಿಂಗಳಿಗೆ 300. ಈ ಅರ್ಧಂಬರ್ಧದ ದಾರಿಯೇ ಹೆಚ್ಚು ಮನೆಗಳಿಗೆ ಸಾಧ್ಯ. ಹೈದರಾಬಾದ್‌ಗೆ, ಉದಗೀರಿಗೆ ಬಸ್ಸಿನಲ್ಲಿ ಹೊರಟಾಗ ಪ್ಯಾಕೆಟ್ ಹಾಕಲಿ. ಜ್ವರ-ಭೇದಿಯ ದಿನವೂ ಹಾಕಲಿ, ಗಂಟೆಗೊಮ್ಮೆ ಬಿಚ್ಚಿ ನೋಡಿದರಾಯಿತು.

ಇನ್ನೊಂದು ವಿದ್ಯೆ ಅಜ್ಜಿಯರ ಕಾಲಲ್ಲೇ ಇದೆ. ಕಾಲು ಚಾಚಿ ಕೂತು, ಎರಡು ಪಾದಗಳ ಸಂದಿಯಲ್ಲಿ ಕೂಸನ್ನು ಕೂರಿಸಿ ‘ಶೀ... ಶೀ...’ ಎನ್ನುತ್ತ ಉಚ್ಚೆ-ಕಕ್ಕ ಮಾಡಿಸುವುದು. ಎದ್ದ ಕೂಡಲೇ ಒಮ್ಮೆ, ಹಾಲು ಕುಡಿದ ಸ್ವಲ್ಪ ಹೊತ್ತಿಗೆ ಒಮ್ಮೆ. ಇದೇ ಪದ್ಧತಿಯನ್ನು ಭಾರತದಲ್ಲೂ ಆಫ್ರಿಕಾದಲ್ಲೂ ಕಂಡ ಇಂಗ್ರಿಡ್ ಬಾಯರ್ ಎಂಬ ಲೇಖಕಿ 2001ರಲ್ಲಿ ಅದರ ಬಗ್ಗೆ ಪುಸ್ತಕ ಬರೆದು ಪಶ್ಚಿಮದ ತಾಯಂದಿರಿಗೆ ಪರಿಚಯಿಸಿದರು. ಕುತ್ತಿಗೆ ನಿಂತ ಮೇಲೆ, ಒತ್ತಾಯವಿಲ್ಲದೆ, ದಿನಕ್ಕೆ ಎರಡು ಸಲ ಹೀಗೆ ಕೂರಿಸಿದರೂ ಕಕ್ಕದ ಲಂಗೋಟಿ ಒಗೆಯುವುದು ಬಹಳ ತಪ್ಪುತ್ತದೆ.

ಕೂಸು ನಡೆದಾಡಿ, ಹೇಳಿ ಹೋಗುವುದನ್ನು ಕಲಿತ ಮೇಲೆ ಲಂಗೋಟಿಗಳ ಗಂಟು ಮುಂದಿನ ಬಾಣಂತಿಯ ಮನೆಗೆ ಹೋಗುವುದು ಈ ಕಡೆಯ ರೂಢಿ. ಆ ಗಂಟಿನಲ್ಲಿ ನುಸಿಗುಳಿಗೆ ಇಡಬಾರದು. ಅದರ ನ್ಯಾಫ್ತಲೀನ್ ಬಟ್ಟೆಯಲ್ಲಿ ಉಳಿದು, ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ನವಜಾತ ಶಿಶುವಿನ ಕೆಂಪು ರಕ್ತಕಣಗಳನ್ನು ಒಡೆದು ತೀವ್ರ ಕಾಮಾಲೆ ತರಬಲ್ಲದು. ಈ ಕೊರತೆ ಇದೆಯೋ ಇಲ್ಲವೋ ನೋಡಿ ಹೇಳಲಾಗುವುದಿಲ್ಲ. ಪೂರ್ತಿ ಒಣಗಿಸಿ, ಒಣ ಬೇವಿನೆಲೆ ಹಾಕಿ ಕಟ್ಟಿಡಬೇಕು. ಹೊಸ ಕೂಸಿಗೆ ಕಟ್ಟುವ ಮುನ್ನ ಮತ್ತೊಮ್ಮೆ ಬಿಸಿನೀರಿನಲ್ಲಿ ಒಗೆದು, ದಿನವಿಡೀ ಬಿಸಿಲಿಗೆ ಹಾಕಬೇಕು.